ಎರಡನೇ ದನಿ

ಐಸಿಲ್ಡಾ ಗಂಡನ ಪ್ಯಾಂಟಿನ ಎಡಜೇಬನ್ನು ಹೊಲಿದು ಮುಗಿಸಿ ಬಲಜೇಬಿಗೆ ಸೂಜಿ ಚುಚ್ಚಿದ್ದಳು, ಅಷ್ಟರಲ್ಲಿ ನಾದಿನಿ ಪರ್ಲೀನ್ ಹೊಸದಾಗಿ ಅಚ್ಚಾದ ಅಂತ್ಯಕ್ರಿಯೆಯ ಪುಸ್ತಿಕೆಗಳ ಕಟ್ಟನ್ನು ಎದೆಗವಚಿಕೊಂಡು ಒಳಗೆ ಬಂದಳು. ಬಟ್ಟೆ ಒಯ್ಯಲು ಬಂದಿದ್ದ ಶವಾಗಾರದ ಗಾಡಿ ಗೇಟಿನ ಹತ್ತಿರ ಎರಡು ಸಲ ಹಾರ್ನ್ ಮಾಡಿ ಸುಮ್ಮನಾಗಿತ್ತು.

ಸತ್ತವನ ಜೇಬು ತೆರೆದಿದ್ದರೆ ಅವನು ದೆವ್ವವಾಗಿ ಅದರಲ್ಲಿ ಕಲ್ಲು ತುಂಬಿಕೊಂಡು ಬಂದು ಮನೆಗಳ ಮೇಲೆ ಎಸೆಯುತ್ತಾನೆ ಅಂತ ಓಲ್ಡ್ ಹಾರ್ಬರ್ ಊರಿನಲ್ಲಿ ಎಲ್ಲರಿಗೂ ಗೊತ್ತು. ಎಗ್ಬರ್ಟ್ ಬದುಕಿದ್ದಾಗ ನಾಯಿಗೂ ಕಲ್ಲೆತ್ತಿದವನಲ್ಲ. ಇವನೊಬ್ಬನ ಜೇಬನ್ನು ಹೊಲಿಯದೆ ಬಿಟ್ಟರೇ ಒಳ್ಳೆಯದಿತ್ತು, ಎಸೆಯುವುದಕ್ಕೆ ತಕ್ಕ ಮನೆಯೊಂದು ಇತ್ತು, ಅಂತ ಐಸಿಲ್ಡಾಗೆ ಅನ್ನಿಸಿತು. ಆದರೂ ಹೊಲಿದಳು.

"ಅತ್ತಿಗೆ, ನೋಡಿ, ಎಷ್ಟು ಲಕ್ಷಣವಾಗಿ ಬಂದಿದೆ! ಎಲ್ಲಾ ಪುಟಾನೂ ಬಣ್ಣದ್ದೇ."

ಐಸಿಲ್ಡಾ ದಾರವನ್ನು ಹಲ್ಲಿನಿಂದ ಕಡಿದು ಪುಸ್ತಿಕೆ ತೆಗೆದುಕೊಂಡಳು. ಎಗ್ಬರ್ಟ್ ಟಲ್ಲಕ್, ಅರವತ್ತೊಂಬತ್ತು ವರ್ಷ. ಬೇಕರಿಯಲ್ಲಿ ಮೂವತ್ತೊಂದು ವರ್ಷದ ದುಡಿಮೆ. ದೈವಭಕ್ತ. ಪ್ರಸಿದ್ಧ ರೆಗೆ ಗಾಯಕ ಎವರಲ್ಡ್ ಮುಲ್ಲಿಂಗ್ಸ್ ಅವರ ಬಾಲ್ಯಸ್ನೇಹಿತ. ಪುಟ ತಿರುವಿದರೆ, ಪಾಸ್ಟರ ಪ್ರಾರ್ಥನೆಯ ಕೆಳಗೆ ದಪ್ಪ ಅಕ್ಷರದಲ್ಲಿ: ಗೀತ ನಮನ, ಎವರಲ್ಡ್ ಮುಲ್ಲಿಂಗ್ಸ್.

"ಇವನನ್ನ ಯಾರು ಕರೆದಿದ್ದು?"

"ನಾನೇ. ಆ ಹೊಸ ಆಲ್ಬಮ್ ಬಂದ್ಮೇಲೆ ಅವನನ್ನ ಹಿಡಿಯೋರೇ ಇಲ್ಲ. ಆದ್ರೂ ಒಂದೇ ಮಾತಿಗೆ ಬರ್ತೀನಿ ಅಂದ. ಅಣ್ಣನ ಪುಣ್ಯ ಅತ್ತಿಗೆ."

"ನಿಮ್ಮಣ್ಣ ಹಾಡ್ತಿದ್ದ ಅಂತ ಇದರಲ್ಲಿ ಎಲ್ಲೂ ಇಲ್ವಲ್ಲ?"

"ಅಯ್ಯೋ, ಹಿಂದೆ ನಿಂತು ಊ ಊ ಅನ್ನೋದನ್ನೆಲ್ಲ ಹಾಡೋದು ಅಂತಾರಾ? ಬರೆಯೋಣ ಅಂದ್ರೂ ಜಾಗ ಸಾಕಾಗ್ಲಿಲ್ಲ."

ಐಸಿಲ್ಡಾ ಪ್ಯಾಂಟನ್ನು ಮಡಿಸಿ ಅವಳ ಕೈಗೆ ಕೊಟ್ಟಳು. ಅಣ್ಣ ತಂಗಿ ಇಬ್ಬರ ಬಾಯಲ್ಲೂ ಅದೇ ಜಾಗದ ಮಾತು ಬರುತ್ತದಲ್ಲ ಅಂತ ಅವಳಿಗೆ ಮೈಯೆಲ್ಲ ಉರಿಯಿತು.

*

ಎರಡನೇ ದನಿಯವನ ಕಸುಬು ವಿಚಿತ್ರವಾದದ್ದು. ಮುಂದಿನವನು ಉಸಿರೆಳೆದಾಗ ತಾನೂ ಎಳೆಯಬೇಕು, ಬಿಟ್ಟಾಗ ಬಿಡಬೇಕು. ತಾನಿದ್ದೇನೆ ಅಂತ ಯಾರಿಗೂ ಗೊತ್ತಾಗಬಾರದು. ಎಗ್ಬರ್ಟ್ ನಲವತ್ತು ವರ್ಷ ಮುಲ್ಲಿಂಗ್ಸನ ಬೆನ್ನ ಹಿಂದೆ ಒಂದು ಹೆಜ್ಜೆ ಬಿಟ್ಟು ನಿಂತು ಇದನ್ನೇ ಮಾಡಿದ. ಕೊನೆಕೊನೆಗೆ ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾವುದು ಯಾರ ಗಂಟಲು ಅಂತ ಐಸಿಲ್ಡಾಗೇ ತಿಳಿಯುತ್ತಿರಲಿಲ್ಲ. ಹಾಡಿನಿಂದ ಹೊಟ್ಟೆ ತುಂಬಿದ್ದು ಮುಲ್ಲಿಂಗ್ಸನದು. ಎಗ್ಬರ್ಟನ ಹೊಟ್ಟೆ ತುಂಬಿಸಿದ್ದು ಬೇಕರಿ.

ಎರಡು ವರ್ಷದ ಹಿಂದೆ ಮುಲ್ಲಿಂಗ್ಸನ ಗಂಟಲಿಗೆ ಗುಟ್ಟಾಗಿ ಆಪರೇಷನ್ ಆಯಿತು. ಮಾತು ಪಿಸುಗುಟ್ಟುವಷ್ಟು ಉಳಿಯಿತು, ಹಾಡು ಪೂರ್ತಿ ಹೋಯಿತು. ಅಷ್ಟರಲ್ಲಾಗಲೇ ಹೊರದೇಶದ ಕಂಪನಿಯೊಂದಕ್ಕೆ ಅವನು ಮಾತು ಕೊಟ್ಟಾಗಿತ್ತು. ಅವನ ಹಳೆಯ ಹಾಡುಗಳನ್ನು ಹನ್ನೊಂದು ಜನ ಅತಿಥಿ ತಾರೆಯರ ಜೊತೆ ಹೊಸದಾಗಿ ಹಾಡುವುದು, ಆಲ್ಬಮ್ಮಿನ ಹೆಸರು 'ಎಲ್ಲರೂ ಬಂದರು' ಅಂತ. ಹೆಸರಿಗೆ ಮಾತ್ರ ಎಲ್ಲರೂ ಬಂದರು. ಲಂಡನ್ನಿನವನು ಲಂಡನ್ನಿನಲ್ಲೇ, ಟೊರಾಂಟೊದವನು ಟೊರಾಂಟೊದಲ್ಲೇ, ಕಿಂಗ್‌ಸ್ಟನ್ನಿನ ಹುಡುಗಿ ತನ್ನ ಮನೆಯ ಕೋಣೆಯಲ್ಲೇ ಹಾಡಿ ಕಳಿಸುವ ಕಾಲ ಇದು. ಮುಲ್ಲಿಂಗ್ಸನ ಮುಂದೆ ನಿಂತು ಹಾಡಬೇಕಾದವರು ಒಬ್ಬರೂ ಇರಲಿಲ್ಲ.

ಮುಲ್ಲಿಂಗ್ಸ್ ಬೇಕರಿಯ ಹಿತ್ತಿಲ ಬಾಗಿಲಿಗೆ ಬಂದು ನಿಂತ.

"ಬರ್ಟಿ, ನನ್ನ ಬದಲು ನೀನೇ ಹಾಡ್ಬೇಕು. ನೀನಲ್ದೆ ನಂಗೆ ಯಾರಿದಾರೋ?"

"ಜನಕ್ಕೆ ಗೊತ್ತಾಗಲ್ವಾ?"

"ನಿನ್ನ ದನಿ ನನ್ನ ದನಿ ಬೇರೆ ಅಂತ ಯಾವತ್ತಾದ್ರೂ ಯಾರಾದ್ರೂ ಅಂದಿದಾರಾ? ಕೇಳು, ಹನ್ನೆರಡನೇ ಹಾಡು ನಮ್ಮಿಬ್ಬರದೇ, ಎರಡೂ ದನಿ ನೀನೇ ಹಾಡು. ರೆಕಾರ್ಡಿನ ರಟ್ಟಿನ ಮೇಲೆ ನಿನ್ನ ಹೆಸರು, ಆ ತಾರೆಗಳ ಹೆಸರಿನ ಪಕ್ಕದಲ್ಲೇ, ಅದೇ ಅಕ್ಷರದಲ್ಲಿ. ನನ್ನ ತಾಯಾಣೆ."

ಮೂರು ತಿಂಗಳು ಎಗ್ಬರ್ಟ್ ಮಧ್ಯಾಹ್ನ ಬೇಕರಿ ಕೆಲಸ ಮುಗಿಸಿ, ಹುಬ್ಬಿನ ಹಿಟ್ಟನ್ನೂ ಒರೆಸಿಕೊಳ್ಳದೆ ಸ್ಟುಡಿಯೋಗೆ ಹೋದ. ಮನೆಗೆ ಬಂದು ಶುಂಠಿ ಕಷಾಯ ಕುಡಿಯುತ್ತ, "ಐಸಿ, ಇವತ್ತು ಒಂದು ಹೆಜ್ಜೆ ಮುಂದೆ ನಿಂತು ಹಾಡ್ದೆ ಕಣೇ," ಅಂತ ಹೇಳಿಕೊಂಡು ಒಬ್ಬನೇ ನಗುತ್ತಿದ್ದ. ಮದುವೆಯ ದಿನವೂ ಅವನು ಅಷ್ಟು ನಕ್ಕಿರಲಿಲ್ಲ.

ರೆಕಾರ್ಡ್ ಬಂದ ದಿನ ಅವನು ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಕುರ್ಚಿ ಎಳೆದುಕೊಂಡ. ರಟ್ಟಿನ ಮುಂದೆ ಓದಿದ, ಹಿಂದೆ ಓದಿದ, ಒಳಗಿನ ಇರುವೆಯಂಥ ಅಕ್ಷರವನ್ನೂ ಬೆರಳಿಟ್ಟು ಓದಿದ. ಹನ್ನೊಂದು ಹಾಡು, ಹನ್ನೊಂದು ತಾರೆ. ಸ್ಟುಡಿಯೋಗೆ ಊಟ ಕಳಿಸಿದ ಹೋಟೆಲಿಗೂ ಕೃತಜ್ಞತೆ ಇತ್ತು. ಹನ್ನೆರಡನೇ ಹಾಡೂ ಇರಲಿಲ್ಲ, ಎಗ್ಬರ್ಟ್ ಟಲ್ಲಕ್ಕನೂ ಇರಲಿಲ್ಲ.

"ಜಾಗ ಸಾಕಾಗ್ಲಿಲ್ಲ ಅನ್ಸುತ್ತೆ," ಅಂದ.

"ಜಾಗವಂತೆ ಜಾಗ! ನಾಳೆನೇ ರೇಡಿಯೋದವರ ಹತ್ರ ಹೋಗಿ ಎಲ್ಲಾ ಬಾಯಿ ಬಿಡ್ತೀನಿ ನೋಡ್ತಿರು."

ಎಗ್ಬರ್ಟ್ ಎದ್ದು ಅವಳ ಕೈ ಹಿಡಿದು ಬೈಬಲ್ಲಿನ ಮೇಲಿಟ್ಟ. "ಯಾರ ಹತ್ರಾನೂ ಒಂದು ಮಾತೂ ಆಡಲ್ಲ ಅಂತ ಹೇಳು. ಅವನ ಹೆಸರು ಮಣ್ಣುಪಾಲಾದ್ರೆ ನನ್ನ ನಲವತ್ತು ವರ್ಷಾನೂ ಅದರ ಜೊತೆಗೇ ಹೋಗುತ್ತೆ. ಹೇಳೇ."

ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು. ಅವತ್ತಿನಿಂದ ಅವನು ಬೇಕರಿಯ ಒಲೆಯ ಮುಂದೆ ಹಾಡುವುದನ್ನೂ ನಿಲ್ಲಿಸಿದ. ಐದು ವಾರ ಕಳೆದು ಒಂದು ಬೆಳಿಗ್ಗೆ ಹಿಟ್ಟಿನ ಮೂಟೆಯ ಮೇಲೆ ಸುಧಾರಿಸಿಕೊಳ್ಳಲು ಕೂತವನು ಏಳಲೇ ಇಲ್ಲ. ಬಿ.ಪಿ. ಅಂದರು ಡಾಕ್ಟರು. ಐಸಿಲ್ಡಾ ಬೇರೆ ಹೆಸರು ಹೇಳಬಹುದಿತ್ತು, ಆದರೆ ಆಣೆ ಇಟ್ಟಾಗಿತ್ತು.

*

ಅಂತ್ಯಕ್ರಿಯೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮುಲ್ಲಿಂಗ್ಸ್ ಮನೆಗೆ ಬಂದ. ಬಿಳಿ ಸೂಟು, ಕಪ್ಪು ಕನ್ನಡಕ, ಹಿಂದೆ ಧ್ವನಿವರ್ಧಕದವನು. ಅಂಗಳದಲ್ಲಿ ಹಂಡೆಯೊಳಗೆ ಮೇಕೆತಲೆಯ ಸಾರು ಕುದಿಯುತ್ತಿತ್ತು. ಡಾಮಿನೋ ಆಡುತ್ತಿದ್ದವರು ಆಟ ಬಿಟ್ಟು ಎದ್ದುನಿಂತರು. ಅವನು ಒಬ್ಬೊಬ್ಬರನ್ನೂ ಪಿಸುಮಾತಿನಲ್ಲಿ ವಿಚಾರಿಸಿಕೊಂಡ. ಅದನ್ನು ಜನ ದೊಡ್ಡವರ ವಿನಯ ಅಂದುಕೊಂಡಿದ್ದರು.

ಐಸಿಲ್ಡಾ ಅವನನ್ನು ಬ್ರೆಡ್‌ಫ್ರೂಟ್ ಮರದ ಆಚೆಗೆ ಕರೆದುಕೊಂಡು ಹೋದಳು.

"ತಂಗಿ, ಆ ಹನ್ನೆರಡನೇ ಹಾಡನ್ನ ಕಂಪನಿಯವರೇ ತೆಗೆದುಹಾಕಿಬಿಟ್ರು. ಹೆಸರಿಲ್ಲದವನ ಜೊತೆ ಹಾಡಿದ್ರೆ ಯಾರು ಕೇಳ್ತಾರೆ ಅಂದ್ರು. ನಾನೇನು ಮಾಡ್ಲಿ?"

"ಹಾಗಾದ್ರೆ ನಾನೂ ಇರಲ್ಲ ಅಂತ ಅನ್ನಬಹುದಿತ್ತು ನೀನು."

ಮುಲ್ಲಿಂಗ್ಸ್ ಅಂಗಳದ ಜನರ ಕಡೆ ತಿರುಗಿ ನೋಡಿದ.

"ನೋಡು ಎವರಲ್ಡ್, ನಂಗೆ ನಿನ್ನಿಂದ ಏನೂ ಬೇಡ. ಅವನನ್ನ ಮಣ್ಣಲ್ಲಿ ಇಡೋದಕ್ಕೆ ಮುಂಚೆ ಒಂದೇ ಒಂದು ಸಲ, ಜನರ ಮುಂದೆ ನಿನ್ನ ಬಾಯಿಂದಲೇ ಹೇಳು. ಆ ದನಿ ಯಾರದು ಅಂತ. ನಾನು ಹೇಳೋ ಹಾಗಿಲ್ಲ, ನನ್ನ ಬಾಯಿ ಕಟ್ಟಿಹಾಕಿ ಹೋಗಿದಾನೆ."

ಮುಲ್ಲಿಂಗ್ಸ್ ಕನ್ನಡಕ ತೆಗೆದ. ಕಣ್ಣಲ್ಲಿ ನೀರಿತ್ತು, ನಿಜವಾದ ನೀರೇ. "ಹೇಳ್ತೀನಿ ಐಸಿ. ಇವತ್ತು ಹೇಳದೆ ಇನ್ಯಾವತ್ತು ಹೇಳ್ಲಿ? ಅವನ ಪೆಟ್ಟಿಗೆ ಮುಂದೇ ಹೇಳ್ತೀನಿ."

ಐಸಿಲ್ಡಾ ನಂಬಿದಳು. ಗಂಡ ಮೋಸಹೋದ ಬಾಯಿಗೇ ತಾನೂ ಮರುಳಾದಳು.

*

ಚರ್ಚ್ ತುಂಬಿತ್ತು. ಎರಡನೇ ಸಾಲಿನಲ್ಲಿ ಬೇಕರಿಯವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಒತ್ತೊತ್ತಾಗಿ ಕೂತಿದ್ದರು. ಪೆಟ್ಟಿಗೆ ಮುಚ್ಚಿಯಾಗಿತ್ತು. ಪಾಸ್ಟರು ಹೆಸರು ಕರೆದಾಗ ಮುಲ್ಲಿಂಗ್ಸ್ ಮೈಕ್ ಹಿಡಿದು ಪೆಟ್ಟಿಗೆಯ ಪಕ್ಕಕ್ಕೆ ಬಂದ, ಎಲ್ಲರ ಕೈಯಲ್ಲೂ ಫೋನ್ ಮೇಲೆದ್ದಿತು.

"ಬರ್ಟಿ ಅಂದ್ರೆ ಏನು ಅಂತ ನಿಮಗೆಲ್ಲ ಹೇಳ್ಬೇಕು," ಅಂದ. ಐಸಿಲ್ಡಾ ಮುಂದಕ್ಕೆ ಬಾಗಿದಳು. "ನಾವು ಸ್ಟುಡಿಯೋದಲ್ಲಿ ಹಸಕೊಂಡು ಕೂತಿದ್ರೆ ಬಿಸಿಬಿಸಿ ಬ್ರೆಡ್ ತರ್ತಿದ್ದ. ಅವನೇ ಬೆಣ್ಣೆ ಹಚ್ಚಿ ಕೊಡ್ತಿದ್ದ. ಅಂಥ ಬ್ರೆಡ್ ನಾನು ಲಂಡನ್ನಲ್ಲೂ ತಿಂದಿಲ್ಲ!"

ಜನ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಮುಲ್ಲಿಂಗ್ಸ್ ಅವಳ ಕಡೆ ಒಮ್ಮೆ ನೋಡಿದ, ಫೋನುಗಳ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ.

"ಬೆನ್ನ ಹಿಂದೆ ನಿಲ್ಲೋ ಗೆಳೆಯ ಅಂದ್ರೆ ಅವನು. ಬರ್ಟಿ, ಈ ಹಾಡು ನಿನಗೆ."

ಅಷ್ಟೇ. ಐಸಿಲ್ಡಾ ಇನ್ನೊಂದು ವಾಕ್ಯಕ್ಕೆ ಕಾದಳು. ಅವನು ಧ್ವನಿವರ್ಧಕದವನಿಗೆ ಕಣ್ಣಲ್ಲೇ ಸನ್ನೆ ಮಾಡಿದ.

ಬ್ಯಾಂಡಿಲ್ಲದ ಕಡೆ ಗಾಯಕರು ತಮ್ಮ ರೆಕಾರ್ಡನ್ನೇ ಹಾಕಿಸಿ, ಅದರ ಮೇಲೆ ತಾವೂ ಬಾಯಾಡಿಸಿ ಹೋಗುವುದುಂಟು. ಈ ಕಡೆ ಅದಕ್ಕೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಧ್ವನಿವರ್ಧಕದವನು ಎಲ್ಲ ಕಡೆ ಹಾಕುವುದನ್ನೇ ಹಾಕಿದ. ಬಾಸ್ ಗಿಟಾರು ಬೆಂಚುಗಳನ್ನು ನಡುಗಿಸಿತು. ಆಮೇಲೆ ಎಗ್ಬರ್ಟ್ ಹಾಡತೊಡಗಿದ.

ಶುಂಠಿ ಕಷಾಯದ, ಹಿಟ್ಟಿನ ಹುಬ್ಬಿನ, ಒಂದು ಹೆಜ್ಜೆ ಮುಂದೆ ನಿಂತ ಎಗ್ಬರ್ಟ್. ಐಸಿಲ್ಡಾ ಮುಲ್ಲಿಂಗ್ಸನ ಮುಖ ನೋಡಿದಳು. ಅಳುಕು ಎಲ್ಲಾದರೂ ಇದೆಯೇ ಅಂತ ಹುಡುಕಿದಳು. ಅವನು ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಿದ್ದ. ಅವನ ಮುಖದಲ್ಲಿ ಭಯವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಇವನು ಧೈರ್ಯ ಮಾಡಿ ಇದನ್ನು ಹಾಕಿಸಿದ್ದಲ್ಲ ಅಂತ ಅವಳಿಗೆ ಆಗ ಹೊಳೆಯಿತು. ಮರೆತೇ ಹೋಗಿದೆ ಇವನಿಗೆ. ಈ ದನಿ ತನ್ನದೇ ಅಂತ ನಂಬಿಕೊಂಡುಬಿಟ್ಟಿದ್ದಾನೆ. ಕಳ್ಳನಾಗಿದ್ದರೆ ಕದ್ದದ್ದಾದರೂ ನೆನಪಿರುತ್ತಿತ್ತು.

ಅವಳು ಎದ್ದಳು.

"ಅತ್ತಿಗೆ, ಕೂತ್ಕೊಳ್ಳಿ! ಜನ ನೋಡ್ತಿದಾರೆ," ಪರ್ಲೀನ್ ಸೆರಗೆಳೆಯುವ ಹಾಗೆ ಅವಳ ಕಪ್ಪು ಲಂಗದ ಅಂಚನ್ನು ಜಗ್ಗಿದಳು.

ದುಃಖ ತಡೆಯಲಾರದೆ ಪೆಟ್ಟಿಗೆಯ ಮೇಲೆ ಬೀಳುತ್ತಾಳೆ ಅಂತ ಪಾಸ್ಟರು ಕೈ ಚಾಚಿದರು. ಅಪ್ಪಿಕೊಳ್ಳಲು ಬರುತ್ತಿದ್ದಾಳೆ ಅಂತ ಮುಲ್ಲಿಂಗ್ಸ್ ತೋಳು ಅಗಲಿಸಿದ. ಐಸಿಲ್ಡಾ ಒಂದು ಮಾತೂ ಆಡಲಿಲ್ಲ. ಅವನ ಕೈಯಿಂದ ಮೈಕ್ ಬಿಡಿಸಿಕೊಂಡಳು. ಪೆಟ್ಟಿಗೆಯ ಮುಚ್ಚಳದ ಮೇಲೆ, ಗಂಡನ ಬಾಯಿ ಇರುವ ಕಡೆಗೆ, ಅದನ್ನು ಮಲಗಿಸಿದಳು. ಅದು ಮರಕ್ಕೆ ತಾಗಿದ ಸದ್ದು ಚರ್ಚೆಲ್ಲ ಕೇಳಿಸಿತು.

ಹಾಡು ನಿಲ್ಲಲಿಲ್ಲ. ಮುಲ್ಲಿಂಗ್ಸನ ತುಟಿ ರೂಢಿಯ ಮೇಲೆ ಇನ್ನೂ ಎರಡು ಪದ ಅಲ್ಲಾಡಿತು. ಪಲ್ಲವಿಯಲ್ಲಿ ಕಿಂಗ್‌ಸ್ಟನ್ನಿನ ಹುಡುಗಿ ಬಂದಳು, ಅವಳ ಜೊತೆ ಎಗ್ಬರ್ಟ್ ಹಾಡಿದ. ಇದೇ ಹಾಡನ್ನು ಬೇಕರಿಯವರು ರೇಡಿಯೋದಲ್ಲಿ ಹತ್ತಾರು ಸಲ ಕೇಳಿದ್ದರು. ಮೊದಲೇ ಮುಲ್ಲಿಂಗ್ಸ್ ಅಂತ ಹೆಸರು ಹೇಳಿಬಿಟ್ಟರೆ ಕಿವಿ ಏನು ಮಾಡೀತು? ಈಗ ಎರಡನೇ ಸಾಲಿನಲ್ಲಿ, ಒಲೆ ಹೊತ್ತಿಸುವ ಮುದುಕ ವ್ಯಾಸಲ್ ತಲೆ ಓರೆಮಾಡಿ ಆಲಿಸಿದ.

"ಏ, ಇದು ನಮ್ಮ ಬರ್ಟಿ ಕಣ್ರೋ," ಅಂದ, ಪಕ್ಕದವನಿಗಷ್ಟೇ ಕೇಳುವ ಹಾಗೆ. ಆಮೇಲೆ ಎದ್ದು ನಿಂತ. ಪಕ್ಕದವನೂ ಎದ್ದ. ಒಬ್ಬರ ನಂತರ ಒಬ್ಬರು, ಇಡೀ ಸಾಲು ಬಿಳಿ ಅಂಗಿಗಳು ಎದ್ದು ನಿಂತವು.

ಮುಲ್ಲಿಂಗ್ಸ್ ಬಾಯಿ ಮುಚ್ಚಿದ. ಎಗ್ಬರ್ಟ್ ಉಸಿರೆಳೆದುಕೊಂಡು ಎರಡನೇ ಚರಣ ಎತ್ತಿಕೊಂಡ.