ಬೀಗರ ತಾಟಿಗಿ ಅಗಸಿ ಹಿಂಡಿ

ನೀಲಾಬಾಯಿಗಿ ಅಗಸಿ ಅಂದರ ಮೈ ಉರೀತಿತ್ತು. ಹಂಗಂತ ಅಕಿ ಸಿಟ್ಟು ಕಾಳಿನ ಮ್ಯಾಲ ಅಲ್ಲ. ಅಗಸಿ ಹುರದು ಖಾರ ಹಾಕಿ ಕುಟ್ಟಿದ ಹಿಂಡಿ ಇಲ್ಲದ ರೊಟ್ಟಿ ಸೇಡಂದಾಗ ಯಾರ ಮನ್ಯಾಗ ಇಳೀತದ? ಸಿಟ್ಟು ಇದ್ದದ್ದು ಗಂಡನ ಮ್ಯಾಲ. ಕಿರಾಣಿ ಅಂಗಡಿ ಕಲ್ಯಾಣಪ್ಪ ಹೊಟ್ಟಿ ಸಾಫ್ ಆಗವಲ್ದು ಅಂತ ಚಿತ್ತಾಪುರದ ಹಕೀಮ ಶೌಕತ ಅಲಿ ಹತ್ರ ಹೋಗಿದ್ದ. "ದಿನಾ ಒಂದು ಚಮಚ ಅಗಸಿ ತಿನ್ರಿ" ಅಂದಿದ್ದ ಆ ಪುಣ್ಯಾತ್ಮ. ಹೊಟ್ಟಿ ಹಗುರಾತು, ಬಾಯಿ ಭಾರಾತು. ಅಂಬಲಿಗಿ ಅಗಸಿ, ಬ್ಯಾಳಿಗಿ ಅಗಸಿ, ಚಹಾಕ್ಕೂ ಅಗಸಿ. ಬೆಲ್ಲ ಕೊಳ್ಳಾಕ ಬಂದವರಿಗೂ ತನ್ನ ಹೊಟ್ಟಿ ಸುದ್ದಿ ಹೇಳೇ ಕಳಸ್ತಿದ್ದ. ಪೋಲೀಸ್ ಆಕ್ಷನ್ ಆಗಿ ನಿಜಾಮನ ಸರಕಾರ ಹೋತು, ಹೊಸ ಸರಕಾರ ಬಂತು. ಈ ಮನುಷ್ಯಾನ ಬಾಯಾಗಿನ ಅಗಸಿ ಮಾತ್ರ ಹೋಗಲಿಲ್ಲ.

ಮಗಳು ಗುರುದೇವಿಯನ್ನ ನೋಡಾಕ ಬಂದ ಶಹಾಬಾದದವರು, ಉಣ್ಣೂ ಮುಂದ ಇವನ ಪಾಯಖಾನಿ ಮಾತು ಕೇಳಿ ಕೈ ತೊಳಕೊಂಡು ಹೋದವರು ತಿರುಗಿ ಬರಲಿಲ್ಲ. ಈಗ ಐನಾಪುರದ ಖಂಡಪ್ಪಗೌಡ್ರು ಬರವರಿದ್ದರು. ಅವರ ಮಗ ವಾಡಿ ಟೇಶನದಾಗ ನೌಕರಿಗಿದ್ದ. ಗುರುದೇವಿ ಮನಸಿಗೂ ಬಂದಿದ್ದ. ಇದೊಂದು ಕೈ ತಪ್ಪಿದರ ಮಗಳ ಮಾರಿ ಹ್ಯಾಂಗ ನೋಡಲಿ ಅಂತ ತಾಯಿಗಿ ನಿದ್ದಿ ಹತ್ತಲಿಲ್ಲ.

"ಕೈ ಮುಗೀತೀನ್ರಿ, ಗೌಡ್ರ ಮುಂದ ಅಗಸಿ ಅಂತ ಬಾಯಿ ಬಿಡಬ್ಯಾಡ್ರಿ" ಅಂದಳು ಗಂಡಗ.

"ಬಿಡಲ್ಲ ಅಂದ್ರ ಬಿಡಲ್ಲ. ನಾ ಏನ್ ಸಣ್ಣ ಕೂಸಾ?"

ಖರೇನೇ ಬಿಡಲಿಲ್ಲ. ಸಂಜಿಗಿ ಬಂದ ಗೌಡ್ರು ಸ್ನಾನ, ಲಿಂಗಪೂಜಿ ಮುಗಿಸಿ ಊಟಕ್ಕ ಕುಂತರು. ಭಾಳ ನೇಮದ ಮನುಷ್ಯಾ. ಉಣ್ಣೂತನಕ ಮಾತಿಲ್ಲ. ತಾಟಿಗಿ ಬಿದ್ದದ್ದು ಪ್ರಸಾದ, ಒಂದು ಅಗುಳೂ ಬಿಡೂ ಹಂಗಿಲ್ಲ. ಕಡೀಕ ತಾಟು ತೊಳದ ನೀರೂ ಕುಡೀಬೇಕು. ಕಲ್ಯಾಣಪ್ಪ ಒಂದು ಬಟ್ಟಲ ಅಗಸಿ ಹಿಂಡಿ ತನ್ನ ಬೆನ್ನ ಹಿಂದ ಇಟ್ಕೊಂಡು ಕುಂತಿದ್ದು ನೀಲಾಬಾಯಿ ಕಣ್ಣಿಗಿ ಬಿದ್ದಾಗ ಹೊತ್ತು ಮೀರಿತ್ತು. ಗೌಡ್ರ ತಾಟಿನ್ಯಾಗಿನ ಹಿಂಡಿ ಖಾಲಿ ಆದಕೂಡ್ಲೆ ಇಂವ ಒಂದು ಚಮಚ ಸುರವಿದ. ಗೌಡ್ರು ಪ್ರಸಾದ ಅಂತ ತಿಂದರು. ತಿಂದರಲ್ಲಾ, ರುಚಿ ಹತ್ತೇದ ಅಂತ ಮತ್ತೊಂದು ಬಿತ್ತು. ಗೌಡ್ರು ಬ್ಯಾಡಂತ ಕೈ ಎತ್ತಿದರ ಕಲ್ಯಾಣಪ್ಪ ಅದನ್ನ ಶಾಬಾಸಕಿ ಅಂತ ತಿಳಕೊಂಡ. ಒಬ್ಬರದು ನೇಮ, ಒಬ್ಬಂದು ಮಾತು ಕೊಟ್ಟ ಬಾಯಿ, ಬೀಗರ ಮುಂದ ಕೂಗಾಡಲಾರದ ನೀಲಾಬಾಯಿ ಬಾಗಲದಾಗ ಸೆರಗು ಕಚ್ಚಿಕೊಂಡು ನಿಂತಾಳ. ಮೂರೂ ಮಂದಿ ಪಿಟ್ ಅನ್ನಲಿಲ್ಲ. ಬಟ್ಟಲ ಖಾಲಿ ಆತು.

ಮರುದಿನ ನಸಿಕಿನ್ಯಾಗ, ಇನ್ನಾ ಕತ್ತಲಿದ್ದಾಗ, ಗೌಡ್ರು ನೀರಿನ ಚರಗಿ ಹಿಡಕೊಂಡು ಹೊಲದ ಕಡಿ ಹೋದರು, ಓಡಿದಂಗ ಹೋದರು. ಹೊತ್ತು ಹೊಂಟ್ರೂ ಬರಲಿಲ್ಲ.

"ಹಂಗೇ ಐನಾಪುರಕ್ಕ ಹೋದ್ರೇನ್ರಿ? ನನ್ನ ಮಗಳ ಬಾಳಿಗಿ ನೀವೇ ಮುಳ್ಳಾದ್ರಿ" ಅಂದಳು ನೀಲಾಬಾಯಿ. ಒಳಗ ಗುರುದೇವಿ ಬಿಕ್ಕೋದು ಕೇಳಸ್ತಿತ್ತು.

ಕಲ್ಯಾಣಪ್ಪನ ಮಾರಿ ಸಪ್ಪಗಾತು. ಹೆಂಡತಿ ಬೈದದ್ದು ಅವಗೇನು ಹೊಸದಲ್ಲ, ಮಗಳ ಅಳು ಹೊಸದು. ಕೊರಳಾಗಿನ ಲಿಂಗ ಮುಟ್ಟಿ, "ಇನ್ನ ಅಗಸಿ ತಿನ್ನಲ್ಲ, ಅದರ ಹೆಸರೂ ಎತ್ತಲ್ಲ. ಅಕಿಗಿ ಅಳಬ್ಯಾಡ ಅನ್ನು" ಅಂದ. ನೀಲಾಬಾಯಿಗಿ ಸಿಟ್ಟೆಲ್ಲಾ ಇಳದು, ಗಂಡನ ಮ್ಯಾಲ ಅಂತಃಕರಣ ಉಕ್ಕಿತು.

ಅಷ್ಟೊತ್ತಿಗಿ ಗೌಡ್ರು ಬಂದರು. ಕಾಲು ತೊಳಕೊಂಡು, ಕಟ್ಟಿ ಮ್ಯಾಲ ಕುಂತು, ದೊಡ್ಡದೊಂದು ಉಸಿರು ಬಿಟ್ಟರು.

"ವರ್ಷಾತು ಕಲ್ಯಾಣಪ್ಪನವರ, ಹೊಟ್ಟಿ ಕಲ್ಲಾಗಿ ಕುಂತಿತ್ತು. ಇವತ್ತ ಹೊಸಾ ಜೀವ ಬಂತು. ಈ ಮನಿ ಹುಡುಗಿ ನಮ್ಮನಿಗಿ ಬೇಕು. ಮಾತು ಮುಗೀತು ಅಂತ ತಿಳೀರಿ."

ಲಿಂಗಪೂಜಿ ಮುಗಿಸಿ ನಾಷ್ಟಕ್ಕ ಕುಂತಾಗ, ತುತ್ತು ಎತ್ತೂ ಮೊದಲೇ ಗೌಡ್ರು ತಾವೇ ಹಿಂಡಿ ಚಮಚ ಎತ್ತಿ ಕಲ್ಯಾಣಪ್ಪನ ತಾಟಿಗಿ ಕೈ ಚಾಚಿದರು. ಕಲ್ಯಾಣಪ್ಪ ಎರಡೂ ಕೈಲಿಂದ ತಾಟು ಮುಚ್ಚಿದ.

"ತಪ್ಪು ಮಾಡಾಕತ್ತೀರಿ ಬೀಗರ" ಅಂತ ಗೌಡ್ರು ಶುರು ಮಾಡಿದರು. "ಅಗಸಿ ಅಂದ್ರ ಏನಂತ ತಿಳದೀರಿ? ಹೊಟ್ಟಿಗಿ ಛಲೋ, ಮಣಕಾಲಿಗಿ ಛಲೋ. ನೀವೂ ದಿನಾ ತಿನ್ನೋದು ರೂಢಿ ಮಾಡ್ಕೋರಿ."

ಕಲ್ಯಾಣಪ್ಪ ತುಟಿ ಕಚ್ಚಿ ಹಿಡದ. ಹೇಳೋದು ಹೊಟ್ಟಿ ತುಂಬ ಇತ್ತು, ಹೇಳೂ ಹಂಗಿರಲಿಲ್ಲ. ಆಣಿ ಬಿಡಿಸು ಅನ್ನೂ ಹಂಗ ಹೆಂಡತಿ ಕಡಿ ನೋಡಿದ. ನೀಲಾಬಾಯಿ ಅವನ ತಾಟಿಗಿ ಶೇಂಗಾ ಹಿಂಡಿ ನೀಡಿದಳು.

"ಒತ್ತಾಯ ಮಾಡಬ್ಯಾಡ್ರಿ ಅಣ್ಣಾರ. ಅವರು ಅಗಸಿ ಮುಟ್ಟಲ್ರಿ."

ಗೌಡ್ರು ಬೀಗರನ್ನ ಮ್ಯಾಲಿಂದ ಕೆಳಗಿನತನಕ ಕನಿಕರದಿಂದ ನೋಡಿದರು.

"ಪಾಪ. ಮತ್ತ ಇಷ್ಟು ವರ್ಷ ಏನ್ ತಿಂದು ಬದುಕ್ಯಾರವ್ವ?"