ದೇವರ ಗೂಡಿನಲ್ಲಿ ನಾಲ್ಕು ಪ್ಲಗ್ಗು

ಬೂದಿಕೋಟೆಯ ಕೋದಂಡಪ್ಪನಿಗೆ ಹೊಸದನ್ನು ಬಳಸುವುದೆಂದರೆ ಜೀವ ಹಿಂಡಿದಂತಾಗುತ್ತಿತ್ತು. ಹೊಸ ಪಂಚೆ ಪೆಟ್ಟಿಗೆಯಲ್ಲಿ, ಹೊಸ ಕಂಬಳಿ ಅಟ್ಟದ ಮೇಲೆ, ಮೈಮೇಲೆ ಮಾತ್ರ ತೇಪೆ ಹಾಕಿದ್ದು. ಊರವರು ಜಿಪುಣ ಅಂತ ಆಡಿಕೊಳ್ಳುತ್ತಿದ್ದರು. ಅದು ಶುದ್ಧ ಸುಳ್ಳು. ಮನೆಗೆ ಬಂದವರಿಗೆ ಮುದ್ದೆಯ ಮೇಲೆ ತುಪ್ಪ ಹಾಕದೆ ಕಳಿಸಿದ ಆಸಾಮಿಯಲ್ಲ ಅವನು. ಹೊಸದಕ್ಕೆ ಒಂದು ಒಳ್ಳೆಯ ದಿನ ಬರಬೇಕು ಅನ್ನುವುದು ಅವನ ಹಟ, ಅಷ್ಟೆ. ಆ ಒಳ್ಳೆಯ ದಿನ ಯಾವಾಗ ಮಹರಾಯ ಅಂತ ಕೇಳಿದರೆ ಬೀಡಿ ಹಚ್ಚಿಕೊಂಡು ಆಕಾಶ ನೋಡುತ್ತಿದ್ದ.

ಅವನ ಪಿಕಪ್ ಗಾಡಿಯ ಪ್ಲಗ್ಗುಗಳ ಕಥೆಯೂ ಇದೇ. ಬೂದಿಕೋಟೆ ಸುತ್ತಿನ ಬದನೆ, ಟೊಮ್ಯಾಟೊ ತುಂಬಿಕೊಂಡು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಓಡಾಡುತ್ತಿದ್ದ ಗಾಡಿ ಅದು. ಇಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಹಚ್ಚುವ ನಾಲ್ಕೂ ಪ್ಲಗ್ಗು ಸವೆದು ಸಾಯಲು ಬಿದ್ದಿದ್ದವು. ಹೊಸ ನಾಲ್ಕು ಇರಲಿಲ್ಲವೇ? ಇದ್ದವು, ಎರಡು ವರ್ಷದಿಂದ! ಆಯುಧಪೂಜೆಯ ದಿನ ತಂದವನು ಡಬ್ಬಿ ಸಮೇತ ದೇವರ ಗೂಡಿನಲ್ಲಿಟ್ಟಿದ್ದ. ಅವನ ಹೆಂಡತಿ ಮುನಿಶಾಮಮ್ಮ ದಿನಾ ವೆಂಕಟರಮಣನ ಪಟಕ್ಕೆ ಕುಂಕುಮವಿಟ್ಟ ಕೈಯಲ್ಲೇ ಆ ಡಬ್ಬಿಗೂ ಒಂದು ಬೊಟ್ಟಿಡುತ್ತಿದ್ದಳು. ಇತ್ತ ಕೋದಂಡಪ್ಪ ಭಾನುವಾರ ಬಂತೆಂದರೆ ಹಳೆಯವನ್ನು ಬಿಚ್ಚಿ, ಮಸಿ ಕೆರೆದು, ಮರಳುಕಾಗದದಲ್ಲಿ ಉಜ್ಜಿ, ಬಾಯಿಂದ ಊದಿ ಮತ್ತೆ ಕೂರಿಸುತ್ತಿದ್ದ. ಗಾಡಿ ಎರಡು ದಿನ ಚೆನ್ನಾಗಿ ಓಡಿ, ಮೂರನೇ ದಿನ ಕೆಮ್ಮಲು ಶುರುಮಾಡುತ್ತಿತ್ತು.

ಇದು ಅರವತ್ತಮೂರನೇ ಇಸವಿಯ ಮಾರ್ಚ್ ತಿಂಗಳವರೆಗೂ ಹೀಗೇ ನಡೆಯಿತು. ಆ ತಿಂಗಳು ಅವನ ಸೊಸೆ ವರಲಕ್ಷ್ಮಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಳು.

ಮದುವೆಯಾಗಿ ಬಂದಾಗ ಅವಳದು ಎಂಟನೇ ಕ್ಲಾಸು ಮುಗಿದಿತ್ತು. ಗಂಡ ಜಯರಾಮಪ್ಪ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮುಂದೆ ಓದುತ್ತೇನೆ ಅಂತ ಅವಳು ಕೇಳಿದ್ದಕ್ಕೆ ಗಂಡ ಹೂಂ ಅಂದ. ಮಾವ ಮಾತ್ರ "ನೋಡಾನ ತಡಿ" ಅಂದ. ಬೇಡ ಅನ್ನಲಿಲ್ಲ, ಸರಿ ಅನ್ನಲೂ ಇಲ್ಲ. ಮೂರು ವರ್ಷ ತಡೆದು, ಕೊನೆಗೆ ಅವಳೇ ಪುಸ್ತಕ ತರಿಸಿಕೊಂಡು, ಹಸು ಕರೆದು ಮುದ್ದೆ ತಿರುವಿದ ಮೇಲೆ ಉಳಿದ ಹೊತ್ತಿನಲ್ಲಿ ಓದಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿದ್ದಳು. ಒಂದು ಪೇಪರ್ ತಪ್ಪಿದರೂ ಅಷ್ಟೂ ಓದು ನೀರಿನಲ್ಲಿ ಹೋಮ. ಪರೀಕ್ಷೆ ಬಂಗಾರಪೇಟೆಯಲ್ಲಿ, ಹತ್ತು ಗಂಟೆಗೆ. ಬೂದಿಕೋಟೆಯ ಬಸ್ಸು ಅಲ್ಲಿ ಸೇರುವುದು ಹನ್ನೊಂದಕ್ಕೆ. ಹಾಗಾಗಿ ಆ ವಾರ ಕೋದಂಡಪ್ಪನೇ ಅವಳನ್ನು ಪಿಕಪ್ಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಸೊಸೆ ಅಂದರೆ ಅವನಿಗೆ ಪ್ರಾಣ, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಐದನೇ ಪೇಪರಿನ ದಿನ ಗಾಡಿ ದಾರಿಯುದ್ದಕ್ಕೂ ಕೆಮ್ಮಿ ಕೆಮ್ಮಿ, ಗಂಟೆ ಬಾರಿಸುವ ಹೊತ್ತಿಗೆ ಸ್ಕೂಲಿನ ಗೇಟು ಮುಟ್ಟಿತು. ಅವಳು ಒಳಗೆ ಓಡಿದಳು. ಕೋದಂಡಪ್ಪ ಸೀದಾ ಮೆಕ್ಯಾನಿಕ್ ಪೆರುಮಾಳನ ಶೆಡ್ಡಿಗೆ ಹೋದ. ಪೆರುಮಾಳ್ ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದ.

"ಅಣ್ಣೇ, ಈ ತುದಿ ನೋಡಿ. ಚೌಕ ಇರ್ಬೇಕಾದ್ದು ಗುಂಡಗಾಗೋಗೈತೆ. ಮಸಿ ಆದ್ರೆ ಉಜ್ಜಬೋದು, ಸವ್ದೋಗಿರೋದು ಉಜ್ಜಿದ್ರೆ ಬೆಳೀತೈತಾ? ಇವತ್ತೇ ಬದಲಾಯಿಸಿ."

"ಒಸಾದು ಮನೇಲೈತೆ ಕಣಪ್ಪ. ನಮ್ ಸೊಸೆ ಅಮ್ಮಾಯಿ ಪಾಸಾದ ದಿನ ಆಕ್ತೀನಿ. ಅದುಕ್ಕಿಂತ ಒಳ್ಳೇ ದಿನ ಯಾವ್ದೈತೆ ಏಳು?"

ಪೆರುಮಾಳ್ ಹಣೆ ಚಚ್ಚಿಕೊಂಡು ತಮಿಳಿನಲ್ಲಿ ದೇವರನ್ನು ಕರೆದ. "ಅಯ್ಯೋ ಕಡವುಳೇ! ಪರೀಕ್ಸೆಗೇ ಓಗ್ದೆ ಪಾಸಾಗೋದೆಂಗಣ್ಣೇ?"

ಕೋದಂಡಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ಹಟ ಬಿಡಬೇಕಲ್ಲ! ಅವತ್ತು ಸಂಜೆ ಮನೆಯ ಜಗಲಿಯಲ್ಲಿ ಕೂತು ಹಳೆಯ ಪ್ಲಗ್ಗುಗಳನ್ನು ಎಂದೂ ಉಜ್ಜದಷ್ಟು ಉಜ್ಜಿದ. ಇನ್ನೊಂದೇ ಪೇಪರು, ಲೆಕ್ಕದ್ದು. ಒಂದು ದಿನ ನಡೆಸಿಬಿಡಮ್ಮಾ ತಾಯಿ ಅಂತ ಬಾನೆಟ್ಟಿಗೆ ಕೈ ಮುಗಿದ.

ಮರುದಿನ ಗಾಡಿ ನಾಲ್ಕು ಮೈಲಿ ಸಲೀಸಾಗಿ ಓಡಿತು. ನೋಡಿದೆಯಾ ಅನ್ನುವಂತೆ ಕೋದಂಡಪ್ಪ ಮೀಸೆ ತಿರುವಿದ. ಐದನೇ ಮೈಲಿಯ ಏರು ಬಂತು. ಗಾಡಿ ಎರಡು ಸಲ ಜಗ್ಗಿ, ಮೂರನೇ ಸಲ ಗಡಗಡ ನಡುಗಿ ನಿಂತೇ ಹೋಯಿತು. ಇಂಜಿನ್ ಹೊತ್ತಿಸುವ ಹ್ಯಾಂಡಲ್ ಹಾಕಿ ತಿರುಗಿಸಿದ, ಬುಸ್ ಅಂದಿತು. ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಗುವ ಹೊತ್ತಿಗೆ ಹೇಗೋ ಹೊತ್ತಿಕೊಂಡಿತು. ಮರದ ಹಿಡಿಯ ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಪ್ಲಗ್ಗಿನ ತಲೆಯನ್ನು ಇಂಜಿನ್ನಿಗೆ ತಾಗಿಸಿ ಕಿಡಿ ತಪ್ಪಿಸಿ ನೋಡಿದ. ಮೊದಲ ಎರಡಕ್ಕೆ ಇಂಜಿನ್ನಿನ ಸದ್ದು ಬದಲಾಯಿತು. ಉಳಿದೆರಡಕ್ಕೆ ಏನೂ ವ್ಯತ್ಯಾಸವಿಲ್ಲ, ಅಂದರೆ ಅವು ಸತ್ತಿದ್ದವು. ಅಷ್ಟರಲ್ಲಿ ಇಂಜಿನ್ ಮತ್ತೆ ನಿಂತಿತು. ಗಂಟೆ ಒಂಬತ್ತೂಕಾಲು. ಹಿಂದೆ ಮನೆಗೆ ಐದು ಮೈಲಿ, ಮುಂದೆ ಪರೀಕ್ಷೆಗೆ ಮೂರು ಮೈಲಿ, ರಸ್ತೆಯಲ್ಲಿ ಒಂದು ಎತ್ತಿನಗಾಡಿಯೂ ಇಲ್ಲ. ಈ ಹುಡುಗಿಯ ಓದಿಗೆ ನಾನೇ ಕಲ್ಲು ಹಾಕಿದೆನಲ್ಲಪ್ಪಾ ಅಂತ ಕೋದಂಡಪ್ಪ ಸ್ಕ್ರೂಡ್ರೈವರನ್ನು ನೆಲಕ್ಕೆ ಎಸೆದ.

ವರಲಕ್ಷ್ಮಮ್ಮ ಕೆಳಗಿಳಿದು ಬಂದು ಪುಸ್ತಕದ ಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದದ್ದು ಕುಂಕುಮ ಮೆತ್ತಿದ ಡಬ್ಬಿ.

"ನಂಗೇಳ್ದೆ ಎತ್ಕೊಂಡ್ ಬಂದ್ಯಾ?" ಕೋದಂಡಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ದೇವರ ಗೂಡಿಗೇ ಕೈ ಆಕಿದ್ಯಾ?"

"ಅತ್ತೇನೇ ಎತ್ಕೊಟ್ರು ಮಾವ. ದೇವರಿಗೆ ನಾನೇಳ್ಕೊಂತೀನಿ, ನಿಮ್ಮಾವಂಗೆ ನೀನೇಳ್ಕೊ ಅಂದ್ರು."

"ಒಂದ್ಮಾತು ಕೇಳ್ಬಾರ್ದಿತ್ತಾ ನನ್ನ?"

"ಕೇಳಿದ್ರೆ ನೋಡಾನ ತಡಿ ಅಂತಿದ್ರಿ." ಅವಳು ಮಾತು ನಿಲ್ಲಿಸಲಿಲ್ಲ. "ಓದ್ತೀನಿ ಅಂದಾಗ್ಲೂ ಅಂಗೇ ಅಂದ್ರಿ. ಬ್ಯಾಡ ಅಂದಿದ್ರೆ ಜಗಳನಾದ್ರೂ ಆಡ್ತಿದ್ದೆ. ತಡಿ ಅಂದ್ರೆ ಏನ್ ಮಾಡ್ಲಿ ಮಾವ? ತಡ್ದೆ. ಮೂರು ವರ್ಸ ಓಯ್ತು."

ಆ ಮನೆಗೆ ಬಂದ ಮೇಲೆ ಅವಳು ಮಾವನಿಗೆ ಅಷ್ಟು ಮಾತು ಆಡಿದ್ದೇ ಇಲ್ಲ. ಕೋದಂಡಪ್ಪ ಅವಳ ಕೈಯಲ್ಲಿದ್ದ ಡಬ್ಬಿ ನೋಡಿದ. ಒಳ್ಳೆಯದಕ್ಕೇ ಕಾಯುತ್ತಿದ್ದೇನೆ ಅಂದುಕೊಂಡು ಇವಳ ಮೂರು ವರ್ಷವನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಬಿಟ್ಟಿದ್ದೆನಲ್ಲ! ಅವನಿಗೆ ನಾಚಿಕೆಯಾಯಿತು, ಅವಳ ಮುಖ ನೋಡಲಾಗಲಿಲ್ಲ.

"ಕೊಡಿಲ್ಲಿ," ಅಂದ.

ಹಳೆಯ ಪ್ಲಗ್ಗುಗಳು ಕೆಂಡದಂತೆ ಕಾದಿದ್ದವು. ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ ಹಿಡಿದರೂ ಎರಡು ಬೆರಳಿಗೆ ಬೊಬ್ಬೆ ಬಂದವು. ಅವನು ಸ್ಪ್ಯಾನರ್ ಹಾಕಿ ಒಂದೊಂದೇ ತೆಗೆದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸದನ್ನು ಕೈಗೆ ಕೊಡುತ್ತಾ ಹೋದಳು. ನಾಲ್ಕೂ ಕೂತವು. ಕೋದಂಡಪ್ಪ ಹ್ಯಾಂಡಲ್ಲಿಗೆ ಕೈ ಹಾಕಿ ಒಂದೇ ಒಂದು ಸುತ್ತು ತಿರುಗಿಸಿದ. ಇಂಜಿನ್ ಒಂದು ಕೆಮ್ಮೂ ಇಲ್ಲದೆ ಹೊತ್ತಿಕೊಂಡಿತು. ಎಂಟು ವರ್ಷದ ಹಿಂದೆ ಕೊಂಡ ತನ್ನ ಗಾಡಿ ಇಷ್ಟು ನಯವಾಗಿ ಓಡಬಲ್ಲದು ಅನ್ನುವುದನ್ನೇ ಅವನು ಮರೆತಿದ್ದ. ಏರನ್ನು ಹತ್ತಿದ್ದೇ ತಿಳಿಯಲಿಲ್ಲ. ಹತ್ತಕ್ಕೆ ಎರಡು ನಿಮಿಷವಿದ್ದಾಗ ಅವಳು ಗೇಟಿನೊಳಗೆ ಓಡಿದಳು.

ಮಾರ್ಕೆಟ್ಟು, ಶೆಡ್ಡು ಯಾವುದಕ್ಕೂ ಹೋಗದೆ ಕೋದಂಡಪ್ಪ ಅಲ್ಲೇ ಹೊಂಗೆ ಮರದಡಿ ಕೂತ. ಒಂದು ಗಂಟೆಗೆ ಅವಳು ಹೊರಗೆ ಬಂದಾಗ ಬೆರಳೆಲ್ಲ ಮಸಿ, ಮುಖದ ತುಂಬ ನಗು.

"ಒಂದೇ ಒಂದು ಲೆಕ್ಕ ಬಿಟ್ಟೋಯ್ತು ಮಾವ. ಮಿಕ್ಕಿದ್ದೆಲ್ಲ ಬರ್ದೆ."

"ಅಂಗಾದ್ರೆ ಪಾಸೇ ಬಿಡು. ಮುಂದೇನ್ ಮಾಡ್ಬೇಕು ಅಂತ ಐತೆ?"

ಇಷ್ಟು ವರ್ಷದಲ್ಲಿ ಮಾವ ಅವಳನ್ನು ಹೀಗೆ ಕೇಳಿದ್ದು ಇದೇ ಮೊದಲು. ಅವಳು ಕಾಲಿನ ಬೆರಳು ನೋಡುತ್ತಾ ಮೆಲ್ಲಗೆ ಹೇಳಿದಳು. "ಟೀಚರ್ ಟ್ರೈನಿಂಗು. ಕೋಲಾರದಾಗೆ ಫಾರಂ ಕೊಡ್ತಾರಂತೆ."

"ಎಷ್ಟೊತ್ಗಂಟ ಕೊಡ್ತಾರೆ?"

"ಸಾಯಂಕಾಲ ಐದರ ತನ್ಕ. ಆದ್ರೆ ಈಗ್ಲೇ ಏನವಸ್ರ ಇಲ್ಲ ಮಾವ, ಇನ್ನೂ ಒಂದು ತಿಂಗಳು ಟೈಮೈತೆ."

"ಅವಸ್ರ ನಂಗೈತೆ ಕಣಮ್ಮಾಯಿ," ಅಂದ ಕೋದಂಡಪ್ಪ, ಟವಲ್ ಕೊಡವಿ ಎದ್ದು. "ಬಾ, ಕೂತ್ಕೋ."

ಗಾಡಿ ಗೇಟಿನ ಮುಂದೆ ತಿರುಗಿ, ಊರಿನ ದಾರಿ ಬಿಟ್ಟು, ಕೋಲಾರದ ರಸ್ತೆ ಹಿಡಿಯಿತು. ವರಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕೋದಂಡಪ್ಪ ನೋಡಿಯೂ ನೋಡದವನಂತೆ ಗೇರು ಬದಲಾಯಿಸಿದ.