ಕೊಬ್ಬರಿ ನೋಡ್ಕೊಂಡಂಗೆ

ಮಾನಿಟರಿನ ಬೆನ್ನಿಗೆ ಕೈ ಹಾಕಿದ ಸಂಗಮೇಶ ಗಕ್ಕನೆ ಹಿಂದಕ್ಕೆಳೆದುಕೊಂಡ. ಬೆರಳು ಅಂಟುತ್ತಿತ್ತು. ಬೆಳಕಿಂಡಿಯ ಹತ್ತಿರ ಹಿಡಿದು ನೋಡಿದರೆ ಐದೂ ಬೆರಳಿಗೆ ಕಾಡಿಗೆಯಂಥ ಮಸಿ. ಅಟ್ಟದ ತುಂಬ ಒಣಗಲು ಹಾಕಿದ ತೆಂಗಿನಕಾಯಿ, ಅವುಗಳ ನಡುವೆ ಜಾಗ ಮಾಡಿ ಕೂರಿಸಿದ ಅವನ ಹಳೇ ವಿಡಿಯೋ ಗೇಮಿನ ನಾಲ್ಕು ಮಾನಿಟರುಗಳು. ಕಾಯಿಗೂ ಮಾನಿಟರಿಗೂ ಒಂದೇ ಬಣ್ಣ ಬಂದಿತ್ತು.

"ಬೆಚ್ಚಗವೆ ತಾನೆ ಕಣಪ್ಪಾ?" ಏಣಿಯ ಬುಡದಿಂದ ಅಕ್ಕ ಶಿವರುದ್ರಮ್ಮ ಕೂಗಿದಳು. ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು.

"ಅಕ್ಕಾ, ಇವನ್ನ ಅಟ್ಟಕ್ಕೆ ಯಾರ್ ಹತ್ತಿಸಿದ್ದು? ನಾನು ಕೆಳಗಡೆ ರೂಮಲ್ಲಿ ತಾನೆ ಇಟ್ಟು ಹೋಗಿದ್ದು?"

"ನೆಲ ಶೀತ ಬುಡಪ್ಪಾ. ಕಾಯಿ ಹಾಕೋರು ಬಂದಿದ್ರಲ್ಲ, ಅವರ ಕೈಲಿ ನಾನೇ ಹತ್ತಿಸ್ದೆ. ಈ ಸಲದ ಚಳಿ ಏನ್ ಕಮ್ಮಿನಾ, ಕಾಯಿಗೇ ಬೂಷ್ಟು ಹಿಡಿಯೋ ಅಂಥದ್ದು. ದಿನಾ ಬೆಳಗ್ಗೆ ಸಾಯಂಕಾಲ ತಪ್ಪದಂಗೆ ಹೊಗೆ ಹಾಕಿದೀನಿ ಕಣ್ಲಾ!"

ಹೊಗೆ ಹಾಕಿದ್ದಾಳಂತೆ! ತುಮಕೂರಿನ ಅವನ ವಿಡಿಯೋ ಗೇಮ್ ಅಂಗಡಿಯಲ್ಲಿ ಆಟ ಸೋತ ಹುಡುಗರು "ಹೊಗೆ ಹಾಕಿಸ್ಕೊಂಡೆ ಕಣೋ" ಎಂದು ಜೋಲುಮುಖ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ಅಲ್ಲಿ ಆ ಮಾತಿಗೆ ಸತ್ತ, ಮುಗಿದ ಎಂದರ್ಥ. ಇಲ್ಲಿ ಅಕ್ಕನ ಊರು ಕಡಬದಲ್ಲಿ ಅದೇ ಮಾತಿಗೆ ಬದುಕಿಸುವುದು ಎಂದರ್ಥ. ಅಟ್ಟದ ಕೆಳಗೆ ತೆಂಗಿನ ಮಟ್ಟೆ ಹೊತ್ತಿಸಿ ಹೊಗೆ ಏಳಿಸಿದರೆ ಕಾಯಿಗೆ ಥಂಡಿ ಹೊಡೆಯುವುದಿಲ್ಲ, ಒಳಗೆ ಕೊಬ್ಬರಿ ಕೆಡುವುದಿಲ್ಲ. ಸಂಗಮೇಶನಿಗೆ ನಗು ಬರಲಿಲ್ಲ. ಅಟ್ಟದ ತೊಲೆ ಹಿಡಿದು ಕುಕ್ಕರಗಾಲಲ್ಲಿ ಕೂತ.

ಅವಳನ್ನು ಬೈದು ಏನು ಪ್ರಯೋಜನ ಹೇಳಿ? ಕಟ್ಟಡದ ಮಾಲೀಕ ಅಂಗಡಿ ಕೆಡವಿಸಿದಾಗ ಸಂಗಮೇಶ ಮಷಿನುಗಳನ್ನು ತುಮಕೂರಿನದೇ ಸದಾಶಿವನಗರದ ಬಾಡಿಗೆ ಮನೆಗೆ ತಂದು ಹಾಕಿದ್ದ. ಅವುಗಳ ಹಲಗೆಯ ಪೆಟ್ಟಿಗೆಗೆಲ್ಲ ಗೆದ್ದಲು ಹತ್ತಿತು. ಮಳೆಗಾಲದಲ್ಲಿ ಗೋಡೆ ಒಸರಿ, ಬಿಚ್ಚಿಟ್ಟ ಮಾನಿಟರುಗಳ ತಾಮ್ರದ ಮೇಲೆ ಹಸಿರು ಕಿಲುಬು ಕಾಣಿಸಿಕೊಂಡಿತು. ಇಂಥ ದಪ್ಪ ಗಾಜಿನ ಪಿಕ್ಚರ್ ಟ್ಯೂಬುಗಳನ್ನು ಈಗ ಯಾರೂ ಮಾಡುವುದಿಲ್ಲ. ಕೆಟ್ಟರೆ ಕೆಟ್ಟಿತು. ಅವನ ಹೆಂಡತಿ ರೂಪಶ್ರೀ ತನ್ನ ಹಳೇ ಸೀರೆ ಹೊದಿಸಿ, ಪಕ್ಕದಲ್ಲಿ ಬಲ್ಬು ಉರಿಸಿ ಕಾವು ಕೊಟ್ಟು ಒಂದು ಮಳೆಗಾಲ ಹೇಗೋ ದಾಟಿಸಿದಳು. ಆಮೇಲೆ ಹೊಳೆದದ್ದು ಅಕ್ಕನ ಕೊಬ್ಬರಿ ಮನೆ. ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಅಷ್ಟು ಒಣ ಜಾಗ ಇನ್ನೊಂದಿಲ್ಲ ಎಂದು ಹಿಗ್ಗಿದ್ದ. ಇಳಿಸಿ ಹೊರಡುವಾಗ ಅಕ್ಕನ ಕೈ ಹಿಡಿದು ಹೇಳಿದ್ದೂ ಅವನೇ. "ಇವಕ್ಕೆ ಥಂಡಿ ಹೊಡೀಬಾರ್ದು ಅಕ್ಕಾ. ನಿನ್ ಕೊಬ್ಬರಿ ಹೆಂಗೆ ನೋಡ್ಕೊಂತೀಯೋ ಹಂಗೇ ನೋಡ್ಕೋ."

ನೋಡಿಕೊಂಡಿದ್ದಾಳೆ. ಒಂದು ಹೊತ್ತೂ ತಪ್ಪಿಸಿಲ್ಲ, ಪುಣ್ಯಾತ್ಗಿತ್ತಿ.

"ಅಣ್ಣಾ, ಇಳಿಸೋಣ್ವಾ? ಆಟೋದವ್ನು ಗೊಣಗ್ತವ್ನೆ," ಎನ್ನುತ್ತಾ ಹೊರಗಿನಿಂದ ರವಿಕಿರಣ ಬಂದ. ಸ್ಕೂಲಿಗೆ ಚಕ್ಕರ್ ಹೊಡೆದು ಸಂಗಮೇಶನ ಅಂಗಡಿಯಲ್ಲಿ ಬಿದ್ದಿರುತ್ತಿದ್ದವನು ಈಗ ಕುಣಿಗಲ್ ರಸ್ತೆಯಲ್ಲಿ ದೊಡ್ಡ ತಿಂಡಿ ಹೋಟೆಲ್ ತೆರೆಯುತ್ತಿದ್ದ. ಅದರ ಒಂದು ಮೂಲೆಯಲ್ಲಿ ಹಳೇ ಕಾಲದ ಗೇಮ್ ಇಡಬೇಕು, ಅದೇ ಉಬ್ಬು ಗಾಜಿನ ಸ್ಕ್ರೀನೇ ಬೇಕು, ನಡೆಸುವುದಕ್ಕೆ ಸಂಗಮೇಶಣ್ಣನೇ ಬೇಕು ಎಂದು ಹಟ ಹಿಡಿದು ಹುಡುಕಿಕೊಂಡು ಬಂದಿದ್ದ. ಅವನು ಬಂದಾಗ ಸಂಗಮೇಶ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನೀಲಿ ಅಂಗಿ ತೊಟ್ಟು, ಕಾರು ಬಂದಾಗಲೆಲ್ಲ ಎದ್ದು ಸೆಲ್ಯೂಟ್ ಹೊಡೆಯುತ್ತಿದ್ದ. ನಿನ್ನೆ ತಾನೇ ಸೂಪರ್‌ವೈಸರಿಗೆ "ನಾಳೆಯಿಂದ ನಾನ್ ಬರಲ್ಲ ಸಾರ್" ಎಂದು ಹೇಳಿ, ಆ ಅಂಗಿಯನ್ನು ಒಗೆದು ಮಡಚಿ ಕೊಟ್ಟು ಬಂದಿದ್ದ. ಹೆಂಡತಿಗೆ ಮೈಸೂರುಪಾಕು ಒಯ್ದಿದ್ದ.

ನಾಲ್ಕನ್ನೂ ಇಳಿಸಿ ಅಂಗಳದ ಬಿಸಿಲಿಗೆ ಇಟ್ಟರು. ಬೆಳಕಿಗೆ ಬಂದಮೇಲೆ ನೋಡಲಾಗಲಿಲ್ಲ. ತಂತಿ, ಬೋರ್ಡು, ಕಾಯಿಲ್ ಎಲ್ಲದರ ಮೇಲೂ ಹೊಗೆಯ ಜಿಡ್ಡು ಕೂತು, ಅದರ ಮೇಲೆ ಇಬ್ಬನಿಯ ಪಸೆ ಹಿಡಿದಿತ್ತು. ಒಂದರ ಟ್ಯೂಬಿನ ಕತ್ತು ಕಾಯಿ ಸರಿಸುವಾಗ ಪೆಟ್ಟು ಬಿದ್ದು ಮುರಿದೇ ಹೋಗಿತ್ತು. ಸಂಗಮೇಶ ಸ್ಪಿರಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂತ. ಉಜ್ಜಿದಷ್ಟೂ ಮಸಿ ಬಟ್ಟೆಗೆ ಬರುತ್ತಿತ್ತು, ಒಳಗೆ ಇನ್ನಷ್ಟು ಇರುತ್ತಿತ್ತು.

"ಇವು ಒಂದು ವಾರ ಬಿಸಿಲಲ್ಲಿರ್ಬೇಕು ಕಣೋ ರವಿ. ಪೂರ್ತಿ ಬಿಚ್ಚಿ ತೊಳೀಬೇಕು. ಆಮೇಲೆ ಕರೆಂಟ್ ಕೊಡ್ಬೇಕು."

"ಗುರುವಾರ ಓಪನಿಂಗು ಅಣ್ಣಾ. ಕಾರ್ಡ್ ಹಂಚಿ ಆಗೈತೆ. ಆಗುತ್ತೋ ಇಲ್ವೋ ಅನ್ನೋದಾದ್ರೂ ಇವತ್ತು ಗೊತ್ತಾಗ್ಲಿ, ಒಂದು ಆನ್ ಮಾಡಿ ತೋರ್ಸಿ."

ಆಗಲ್ಲ ಎನ್ನಬೇಕಿತ್ತು. ಎಂದರೆ ಇವನು ಕೈಬಿಟ್ಟು ಹೋದರೆ? ಆ ಹೆದರಿಕೆಯಲ್ಲೇ ಮಧ್ಯಾಹ್ನದವರೆಗೆ ತಿಕ್ಕಿ, ಇದ್ದುದರಲ್ಲಿ ಚೆನ್ನಾಗಿದ್ದ ಒಂದನ್ನು ಪಡಸಾಲೆಗೆ ತಂದು, ಜೊತೆಗೆ ತಂದಿದ್ದ ಗೇಮ್ ಬೋರ್ಡಿನ ವೈರು ಜೋಡಿಸಿದ. ಅಕ್ಕ ಕೈಮುಗಿದು "ಶಿವನೇ ಕಾಪಾಡಪ್ಪಾ" ಎಂದು ನಡುಮನೆಯ ಬಾಗಿಲಲ್ಲಿ ನಿಂತಳು.

ಸ್ವಿಚ್ಚು ಒತ್ತಿದ. ಸಣ್ಣಗೆ ಕುಂಯ್ ಎಂದು ಶುರುವಾಯಿತು. ಆ ಸದ್ದು ಅವನಿಗೆ ಗೊತ್ತು, ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿಯುತ್ತಾನೆ. ಕರಿ ಗಾಜಿನ ಆಳದಲ್ಲಿ ಮಂಕಾಗಿ ಬೆಳಕು ಹುಟ್ಟಿತು. ನೀಲಿ ಆಕಾಶ ಬಂತು. ಅದರ ಕೆಳಗೆ ಚುಕ್ಕೆಚುಕ್ಕೆಯ ಪುಟ್ಟ ವಿಮಾನ ಅಲುಗಾಡುತ್ತಾ ಬಂತು.

"ಬಂತೂ! ಅಣ್ಣಾ, ಅದೇ ಗೇಮು!" ರವಿಕಿರಣ ಎಳೇ ಹುಡುಗನ ಹಾಗೆ ಕುಣಿದ.

ಅಷ್ಟರಲ್ಲಿ ಹಿಂದುಗಡೆ ಚಟಚಟ ಎಂದಿತು. ಟ್ಯೂಬಿನ ಬೆನ್ನ ಮೇಲಿನ ರಬ್ಬರ್ ಟೋಪಿಯ ಸುತ್ತ ನೀಲಿ ಕಿಡಿ ಮಸಿಯ ದಾರಿ ಹಿಡಿದು ಹರಿದಾಡತೊಡಗಿತು. ಸಂಗಮೇಶ ಪ್ಲಗ್ ಕೀಳಲು ಧಾವಿಸಿದ. ಅವನ ಕೈ ಮುಟ್ಟುವ ಮೊದಲೇ ಢಬ್ ಎಂದಿತು. ಚಿತ್ರವೆಲ್ಲ ಮುದುಡಿ ನಡುವೆ ಒಂದು ಬಿಳೀ ಚುಕ್ಕೆಯಾಗಿ ನಿಂತು, ಅದೂ ಹೋಯಿತು. ಸುಟ್ಟ ವಾಸನೆ ಪಡಸಾಲೆ ತುಂಬಿಕೊಂಡಿತು.

ಸಂಗಮೇಶ ಇನ್ನೊಂದನ್ನು ಎತ್ತಿ ತಂದ. ಬೇಡ ಎಂದು ಅವನ ಮನಸ್ಸೇ ಕೂಗುತ್ತಿತ್ತು, ಕೈ ಕೇಳಲಿಲ್ಲ. ಅದು ಕುಂಯ್ ಎನ್ನಲೂ ಇಲ್ಲ, ಒಂದು ಸಲ ಚಟ್ ಎಂದು ಸುಮ್ಮನಾಯಿತು. ಕೊನೆಯದಕ್ಕೆ ಕರೆಂಟ್ ಕೊಟ್ಟಾಗ ಮನೆಯ ಫ್ಯೂಸೇ ಹಾರಿತು.

ರವಿಕಿರಣ ಅವನ ಹೆಗಲ ಮೇಲೆ ಕೈಯಿಟ್ಟ. ಒಳ್ಳೆಯ ಹುಡುಗ. ಒಳ್ಳೆಯವನಾದ್ದರಿಂದಲೇ ಸುತ್ತಿಬಳಸದೆ ಹೇಳಿದ. "ಬೇಜಾರ್ ಮಾಡ್ಕೋಬೇಡಿ ಅಣ್ಣಾ. ಎಲ್‌ಇಡಿ ಹಾಕಿರೋ ರೆಡಿ ಮಷಿನ್ ಆನ್‌ಲೈನಲ್ಲಿ ಬರ್ತವೆ, ತರಿಸ್ಕೊಂತೀನಿ. ಅವಕ್ಕೆ ನೋಡ್ಕೊಳೋರು ಏನೂ ಬೇಕಾಗಲ್ಲವಂತೆ. ಗುರುವಾರ ಮಾತ್ರ ಅತ್ತಿಗೇನ ಕರ್ಕೊಂಡು ಬರ್ಲೇಬೇಕು, ಊಟಕ್ಕೆ."

"ಬರ್ತೀವಿ ಕಣೋ," ಎಂದ ಸಂಗಮೇಶ. ಲಗೇಜ್ ಆಟೋ ರವಿಕಿರಣನನ್ನಷ್ಟೇ ಹತ್ತಿಸಿಕೊಂಡು ವಾಪಸು ಹೋಯಿತು.

ಶಿವರುದ್ರಮ್ಮ ಮೆಲ್ಲಗೆ ಹತ್ತಿರ ಬಂದಳು. ಸತ್ತ ಮಾನಿಟರನ್ನು ಸೆರಗಿನಿಂದ ಒರೆಸುತ್ತಾ ಕೇಳಿದಳು, "ಯಾಕ್ಲಾ ಹಿಂಗಾಯ್ತು? ನಾನೇನಾರಾ ತಪ್ಪು ಮಾಡಿದ್ನಾ? ನೀನು ಹೇಳ್ದಂಗೇ ಮಾಡ್ದೆ ಕಣಪ್ಪಾ."

ಅವನಿಗೆ ಕಿರುಚಬೇಕೆನ್ನಿಸಿತು. ಸುಟ್ಟುಹಾಕಿದೆಯಲ್ಲೇ ಅಕ್ಕಾ, ನನ್ನ ಬದುಕನ್ನೇ ಸುಟ್ಟುಹಾಕಿದೆಯಲ್ಲೇ ಎಂದು ಗಂಟಲತನಕ ಬಂತು. ಆದರೆ ಹೊಗೆಯಲ್ಲಿ ಊದಿ ಊದಿ ಕೆಂಪಗಾಗಿದ್ದ ಅವಳ ಕಣ್ಣು ನೋಡಿದ.

"ಇಲ್ಲ ಬಿಡಕ್ಕಾ. ಹಳೇವು. ಅವುಗಳ ಆಯಸ್ಸೇ ಅಷ್ಟಿತ್ತು. ನೀನು ಇಲ್ದಿದ್ರೆ ಇಷ್ಟು ದಿನಾನೂ ಇರ್ತಿರ್ಲಿಲ್ಲ."

"ಹಂಗಂತೀಯಾ?" ಅವಳ ಮುಖ ಸ್ವಲ್ಪ ಅರಳಿತು. "ನಾನ್ ಹೆದರ್ಕೊಂಡಿದ್ದೆ ನೋಡು. ಕೈಕಾಲು ತೊಳ್ಕೋ, ಮುದ್ದೆ ಆರೋಯ್ತದೆ."

ಅವಳು ನೀರು ತರಲು ಹೋದಾಗ ಅವನು ಬೇಲಿಯ ಪಕ್ಕಕ್ಕೆ ಸರಿದು ಫೋನು ಹಚ್ಚಿದ. "ಸಾರ್, ನಾನು ಸಂಗಮೇಶ್... ನಿನ್ನೆ ಹೇಳಿದ್ದು ಮರ್ತ್ಬಿಡಿ ಸಾರ್... ಹೌದು ಸಾರ್, ದೊಡ್ಡ ಮಾತಾಡ್ಬಿಟ್ಟೆ, ತಪ್ಪಾಯ್ತು... ಗೇಟೇ ಬೇಕು ಅಂತೇನಿಲ್ಲ, ಬೇಸ್‌ಮೆಂಟಲ್ಲಾದ್ರೂ ಹಾಕಿ ಸಾರ್... ಆ ಅಂಗಿ ಬೇರೆಯೋರಿಗೆ ಕೊಟ್ಬಿಟ್ರಾ?... ಪರವಾಗಿಲ್ಲ ಸಾರ್, ಯಾವ ಸೈಜಾದ್ರೂ ಹಾಕ್ಕೊಂತೀನಿ."

ತಿರುಗಿದರೆ ಅಕ್ಕ ಚೊಂಬು ಹಿಡಿದು ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಕೆಲ್ಸ ಬುಟ್ಟು ಬಂದೆ ಅಂದ್ಯಲ್ಲೋ ಬೆಳಗ್ಗೆ?"

"ರಜಾ ಹಾಕಿದ್ದೆ ಅಕ್ಕಾ."

ಅವನು ಎರಡೂ ಕೈ ಒಡ್ಡಿ ಬಗ್ಗಿದ. ಅವಳು ಚೊಂಬು ಬಗ್ಗಿಸಿದಳು, ಕಣ್ಣು ಅವನ ಮುಖದ ಮೇಲೇ ಇದ್ದುದರಿಂದ ನೀರು ಅವನ ಕೈಗಿಂತ ನೆಲಕ್ಕೇ ಹೆಚ್ಚು ಬಿತ್ತು. ಸೋಪಿಲ್ಲದೆ ಆ ಜಿಡ್ಡು ಹೋಗುವಂತಿರಲಿಲ್ಲ. ಅವನು ಉಜ್ಜುತ್ತಲೇ ಇದ್ದ, ಅವಳು ಹುಯ್ಯುತ್ತಲೇ ಇದ್ದಳು.